ನಗುವ ನಾಯಿ

2001ರ ದಸರಾ ರಜೆಯಲ್ಲಿ ನಮ್ಮ ಮನೆಗೆ ವಿಡಿಯೋ ಗೇಮಿನ ಪೆಟ್ಟಿಗೆಯೊಂದು ಬಂತು. ಮಗನಿಗೆ ಆಗ ಆರು ವರ್ಷ. ಓಣಿಯ ಹುಡುಗರ ಮನೆಯಲ್ಲೆಲ್ಲ ಇದೆ, ನಮ್ಮಲ್ಲಿ ಮಾತ್ರ ಇಲ್ಲ ಎಂದು ಅವನು ಹಟ ಹಿಡಿದಿದ್ದ. ನಮ್ಮ ಯಜಮಾನರು ಬಳ್ಳಾರಿ ಪೇಟೆಯಿಂದ ಅದನ್ನು ತಂದು, ಟಿ.ವಿ.ಯ ಹಿಂದೆ ತಲೆ ತೂರಿಸಿ ವೈರು ಸಿಕ್ಕಿಸುವ ಹೊತ್ತಿಗೆ ಊಟದ ವೇಳೆ ಮೀರಿ ಹೋಗಿತ್ತು. ಪೆಟ್ಟಿಗೆಯ ಜೊತೆ ಕಿತ್ತಳೆ ಬಣ್ಣದ ಒಂದು ಪ್ಲಾಸ್ಟಿಕ್ ಬಂದೂಕು. ತೆರೆಯ ಮೇಲೆ ಹುಲ್ಲು, ಒಂದು ಮರ, ನೀಲಿ ಆಕಾಶ. ಒಂದು ನಾಯಿ ಮೂಸುತ್ತ ಬಂದು ಹುಲ್ಲಿನೊಳಗೆ ಹಾರುತ್ತದೆ. ಬಾತುಕೋಳಿ ಮೇಲೇಳುತ್ತದೆ. ಮೂರು ಗುಂಡಿನೊಳಗೆ ಅದನ್ನು ಹೊಡೆಯಬೇಕು.

ಅವನು ಹೊಡೆದ. ಮೂರೂ ತಪ್ಪಿದವು. ಬಾತು ಹಾರಿ ಹೋಯಿತು. ಆಗ ಹುಲ್ಲಿನ ಹಿಂದಿನಿಂದ ಆ ನಾಯಿ ಎದ್ದು ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಕಿಸಿಕಿಸಿ ನಕ್ಕಿತು. ನಾವು ಗಂಡ ಹೆಂಡತಿ ಇಬ್ಬರೂ ನಕ್ಕೆವು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಮಗ ಬಂದೂಕು ಬಿಸಾಡಿ ಅಳಲಿಕ್ಕೆ ಶುರುಮಾಡಿದ.

“ಅಮ್ಮಾ, ನಾಯಿ ನನ್ನ ನೋಡಿ ನಗ್ತೈತೆ!”

“ಅದು ಆಟ ಕಣಪ್ಪಾ, ನಿಜವಾದ ನಾಯಿ ಅಲ್ಲ” ಎಂದೆ. ಅವನಿಗೆ ಅದು ಗೊತ್ತಿರಲಿಲ್ಲವೆ? ನಿಜವಾದ ನಾಯಿಯಾಗಿದ್ದರೆ ಕಲ್ಲು ತೋರಿಸಿ ಓಡಿಸುತ್ತಿದ್ದ. ಇದಕ್ಕೆ ಗುಂಡು ಹೊಡೆದರೂ ತಗಲುತ್ತಿರಲಿಲ್ಲ. ಅವನು ಹೊಡೆದು ನೋಡಿಯೇ ಅತ್ತಿದ್ದು.

ಸಮಾಜ ವಿಜ್ಞಾನ ಪಾಠ ಮಾಡುವ ನನಗೆ ಯಾವುದೇ ಸಂಗತಿಯ ಹಿಂದುಮುಂದು ಹುಡುಕುವ ಚಟವುಂಟು. ಈ ನಾಯಿಯ ಚರಿತ್ರೆಯನ್ನೂ ಆಮೇಲೆ ವರ್ಷಗಳ ಕಾಲ ಅಲ್ಲಿ ಇಲ್ಲಿ ಓದಿ ಕೂಡಿಸಿಕೊಂಡೆ. ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ ಹೂವಿನ ಚಿತ್ರದ ಇಸ್ಪೀಟೆಲೆಗಳನ್ನು ತಯಾರಿಸುವ ಅಂಗಡಿಯಾಗಿ ಹುಟ್ಟಿದ್ದು ನಿಂಟೆಂಡೋ ಕಂಪನಿ. ಅದು 1984ರಲ್ಲಿ ಹೊರತಂದ ಆಟ ‘ಡಕ್ ಹಂಟ್’. 1990ರ ದಶಕದಲ್ಲಿ ನಮ್ಮ ಊರುಗಳ ಪೇಟೆಗೆ ಬಂದದ್ದು ಬಹುಮಟ್ಟಿಗೆ ಅದರ ನಕಲು ಪೆಟ್ಟಿಗೆಗಳು. ಆ ಬಂದೂಕಿನ ಕೆಲಸ ಬಹಳ ಸ್ವಾರಸ್ಯದ್ದು. ಅದರಿಂದ ಏನೂ ಹೊರಗೆ ಹೋಗುವುದಿಲ್ಲ. ಕುದುರೆ ಎಳೆದ ಕೂಡಲೇ ತೆರೆ ಒಂದು ಕ್ಷಣ ಕಪ್ಪಾಗಿ, ಬಾತು ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿಯ ಚೌಕ ಮೂಡುತ್ತದೆ. ಬಂದೂಕಿನ ತುದಿಯಲ್ಲಿರುವ ಕಣ್ಣಿಗೆ ಆ ಬೆಳಕು ಬಿದ್ದರೆ ಗುರಿ ಮುಟ್ಟಿತೆಂದು ಲೆಕ್ಕ. ಅಂದರೆ ಅದು ಗುಂಡು ಹೊಡೆಯುವ ಬಂದೂಕಲ್ಲ, ನೋಡುವ ಬಂದೂಕು.

ನಾಯಿಗೆ ಮನೆಯ ಆಟದಲ್ಲಿ ಶಿಕ್ಷೆಯೇ ಇಲ್ಲ. ಆದರೆ ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಗಳಿಗೆಂದು ಮಾಡಿದ ಇದೇ ಆಟದ ಇನ್ನೊಂದು ರೂಪದಲ್ಲಿ, ನಡುವೆ ಬರುವ ಒಂದು ಸುತ್ತಿನಲ್ಲಿ ಆ ನಾಯಿಗೂ ಗುಂಡು ತಗಲುತ್ತಿತ್ತಂತೆ. ಆಗ ಅದು ಪಟ್ಟಿ ಕಟ್ಟಿಕೊಂಡು ಊರುಗೋಲು ಹಿಡಿದು ಬಂದು, ಹೊಡೆಯಬೇಕಾದ್ದು ನನ್ನನ್ನಲ್ಲ, ಬಾತನ್ನು ಎಂದು ಗದರಿಸುತ್ತಿತ್ತು. ಕಾಸು ಕೊಟ್ಟು ಆಡುವವರಿಗೆ ಸಿಟ್ಟು ತೀರಿಸಿಕೊಳ್ಳುವ ದಾರಿ ಇತ್ತು. ನನ್ನ ಮಗನಿಗೆ ಇರಲಿಲ್ಲ.

ಆ ರಾತ್ರಿ ಮಗ ಮಲಗಿದ ಮೇಲೆ ನನಗೆ ಕೊಳಗಲ್ಲು ನೆನಪಾಯಿತು. ಅದು ನನ್ನ ತವರೂರು. ಬಳ್ಳಾರಿಯಿಂದ ಬೆಳಗ್ಗೆ ಹೋಗಿ ಸಂಜೆ ಬರಬಹುದಾದಷ್ಟು ಹತ್ತಿರ. ಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೊಂದು ಜಾಗವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ತೀರಿಕೊಂಡು ತಮ್ಮ ಖೊಟ್ಟಿಗ ಪಟ್ಟಕ್ಕೆ ಬಂದನೆಂದು ಹೇಳುವ ಕ್ರಿ.ಶ. 967ರ ಶಾಸನ ಸಿಕ್ಕಿದ್ದು ಅಲ್ಲಿಯೇ. ಶಾಸನಗಳಲ್ಲಿ ಅರಸರ ಬಿರುದುಗಳಿರುತ್ತವೆ, ದಾನದ ಭೂಮಿಯ ಎಲ್ಲೆಗಳಿರುತ್ತವೆ, ದಾನ ಕಿತ್ತುಕೊಂಡವನಿಗೆ ಶಾಪವೂ ಇರುತ್ತದೆ. ಆ ಊರಿನವರು ಯಾವುದಕ್ಕೆ ನಗುತ್ತಿದ್ದರು ಎಂಬುದನ್ನು ಯಾರೂ ಕಲ್ಲಿನಲ್ಲಿ ಕೊರೆಸುವುದಿಲ್ಲ. ನಾನು ಕಂಡ ನಗುವಿಗೆ ದಾಖಲೆ ನನ್ನ ನೆನಪೇ.

ನಾನು ಚಿಕ್ಕವಳಿದ್ದಾಗ ನಮ್ಮ ಸೀಮೆಯಲ್ಲಿ ಸುಗ್ಗಿಯಾದ ಮೇಲೆ ದೊಡ್ಡಾಟ, ತೊಗಲು ಗೊಂಬೆಯಾಟ ನಡೆಯುತ್ತಿದ್ದವು. ತಾತ ನನ್ನನ್ನು ಕಂಬಳಿಯಲ್ಲಿ ಸುತ್ತಿ ಕರೆದೊಯ್ಯುತ್ತಿದ್ದ. ದೊಡ್ಡಾಟದಲ್ಲಿ ಸಾರಥಿ ಎಂಬವನೊಬ್ಬ ಇರುತ್ತಾನಷ್ಟೆ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ನೆಲ ನಡುಗುವಂತೆ ಕುಣಿಯುತ್ತ ಬಂದ ರಾಜನನ್ನು ನಿಲ್ಲಿಸಿ, ತಾವು ಯಾರು, ಯಾವ ಪಟ್ಟಣದವರು, ಬಂದ ಕಾರಣವೇನು ಎಂದು ಕೇಳುವವನು ಅವನೇ. ರಾಜ ಗ್ರಾಂಥಿಕದಲ್ಲಿ ಗುಡುಗಿದರೆ ಇವನು ಓಣಿಯ ಮಾತಿನಲ್ಲಿ ಉತ್ತರ ಕೊಡುತ್ತಾನೆ. ಆಟ ನಡೆಸುವವನೂ ಅವನೇ, ನಗಿಸುವವನೂ ಅವನೇ. ಎರಡು ಕೆಲಸವನ್ನು ಒಬ್ಬನಿಗೇ ಕೊಟ್ಟ ನಮ್ಮ ಹಿರಿಯರು ಎಷ್ಟು ಲೆಕ್ಕಾಚಾರದವರು ನೋಡಿ!

ತೊಗಲು ಗೊಂಬೆಯಲ್ಲಿ ಆ ಜಾಗ ಕಿಳ್ಳೇಕ್ಯಾತನದು. ದೇವರ ಗೊಂಬೆ, ಅರಸರ ಗೊಂಬೆ ಎಲ್ಲ ಅಂದವಾಗಿ ಕೊರೆದು ಬಣ್ಣ ಹಾಕಿದವು. ಇವನು ಮಾತ್ರ ಕಪ್ಪು, ಡೊಳ್ಳು ಹೊಟ್ಟೆ, ಸೊಟ್ಟ ಕೈಕಾಲು. ಜೊತೆಗೆ ಹೆಂಡತಿ ಬಂಗಾರಕ್ಕ, ಬಾಯಲ್ಲಿ ಅವನನ್ನು ಮೀರಿಸಿದವಳು. ಗೊಂಬೆ ಕುಣಿಸುವ ಸಮುದಾಯಕ್ಕೇ ಈ ವಿದೂಷಕನ ಹೆಸರು ಹತ್ತಿಕೊಂಡಿದೆ. ರಾಮನ ಹೆಸರಲ್ಲ, ರಾವಣನ ಹೆಸರಲ್ಲ. ಯುದ್ಧದ ಭಾಗ ಮುಗಿದು ಮಕ್ಕಳು ತೂಕಡಿಸುವ ಹೊತ್ತಿಗೆ ಸರಿಯಾಗಿ ಅವನು ತೆರೆಯ ಮೇಲೆ ಜಿಗಿಯುತ್ತಿದ್ದ. ಮೊದಲು ತನ್ನ ಹೊಟ್ಟೆಯನ್ನು ತಾನೇ ಹೀಯಾಳಿಸಿಕೊಳ್ಳುತ್ತಿದ್ದ, ಆಮೇಲೆ ಹೆಂಡತಿಯ ಕೈಲಿ ಏಟು ತಿನ್ನುತ್ತಿದ್ದ, ಕೊನೆಗೆ ಊರಿನ ಜಿಪುಣರ ಸರದಿ. ಯಾರ ಮನೆಯಲ್ಲಿ ಮಜ್ಜಿಗೆ ನೀರಾಗಿದೆ ಎಂಬುದು ಅವನಿಗೆ ಹೇಗೆ ಗೊತ್ತಾಗುತ್ತಿತ್ತು ಎಂದು ನಾನು ತಾತನನ್ನು ಕೇಳಿದ್ದೆ. “ಹಗಲೆಲ್ಲಾ ಊರಾಗ ತಿರಿಗ್ಯಾಡಿ ಕೇಳ್ಕಂಡಿರ್ತಾರವ್ವಾ” ಎಂದಿದ್ದ. ಬೈಸಿಕೊಂಡವರು ಕೂತಲ್ಲಿಂದಲೇ ತಿರುಗಿ ಬೈಯುತ್ತಿದ್ದರು. ಅದಕ್ಕೂ ತೆರೆಯ ಹಿಂದಿನಿಂದ ಉತ್ತರ ಬರುತ್ತಿತ್ತು.

ಈ ವಿದ್ಯೆಯನ್ನು ನಮ್ಮ ಕಾಲದವರೆಗೆ ಉಳಿಸಿದವರಲ್ಲಿ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಒಬ್ಬರು. ರಾಮಾಯಣ ಆಡುವ ಗೊಂಬೆಗಳ ಜೊತೆ ಗಾಂಧೀಜಿಯ ಗೊಂಬೆಯನ್ನೂ ತೆರೆಗೆ ತಂದವರು. 2023ರಲ್ಲಿ ತೀರಿಕೊಂಡರು. ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ತೊಂಬತ್ತಾರು ವರ್ಷ. ಟಿ.ವಿ.ಯಲ್ಲಿ ಆ ಅಜ್ಜಿಯನ್ನು ನೋಡಿ ನನಗೆ ಬಂಗಾರಕ್ಕನೇ ದಿಲ್ಲಿಗೆ ಹೋದಂತೆ ಹಿಗ್ಗಾಯಿತು.

ಮನೆಯೊಳಗಿನ ಆಟಗಳ ಕಥೆ ಇನ್ನೊಂದು ಬಗೆಯದು. ಹಂಪಿಗೆ ಹೋದಾಗ ಮಂಟಪಗಳ ಹಾಸುಗಲ್ಲನ್ನು ಬಗ್ಗಿ ನೋಡಿ. ಆಟದ ಮನೆಗಳನ್ನು ಕಲ್ಲಿನಲ್ಲೇ ಕೊರೆದಿದ್ದಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಬುದ್ಧಿಗೆ ಸಾಣೆ ಹಿಡಿಯುವ ಎಷ್ಟೋ ಹೊಸ ಮಣೆಯಾಟಗಳನ್ನೂ ಎಲೆಯಾಟಗಳನ್ನೂ ತಾವೇ ರೂಪಿಸಿದರು. ಆದರೆ ಯಾವ ಮಣೆಯ ಮೇಲೂ ನಗೆಯನ್ನು ಬರೆದಿರುವುದಿಲ್ಲ. ನಮ್ಮ ಚೌಕಾಬಾರವನ್ನೇ ತೆಗೆದುಕೊಳ್ಳಿ. ಇಪ್ಪತ್ತೈದು ಮನೆ, ನಾಲ್ಕು ಕವಡೆ. ಎದುರಾಳಿಯ ಕಾಯಿ ಕಡಿಯದೆ ಒಳಮನೆಗೆ ಹೋಗುವ ಹಾಗಿಲ್ಲ. ಇಷ್ಟೇ ನಿಯಮ. ಕಾಯಿ ಕಡಿದಾಗ ನಮ್ಮವ್ವ ತನ್ನ ನಾದಿನಿಗೆ ಹೇಳುತ್ತಿದ್ದ ಮಾತಿದೆಯಲ್ಲ, ಅದು ಯಾವ ನಿಯಮದ ಪುಸ್ತಕದಲ್ಲಿ ಸಿಗುತ್ತದೆ? ವರ್ಷವಿಡೀ ಹೇಳಲಾಗದ್ದನ್ನೆಲ್ಲ ಕವಡೆಯ ನೆಪದಲ್ಲಿ ಅಂದುಬಿಡುತ್ತಿದ್ದರು. ಸೋತವಳು ಎದ್ದು ಹೋಗುತ್ತಿರಲಿಲ್ಲ, ಮರುದಿನ ಅಂದು ತೀರಿಸಿಕೊಳ್ಳುತ್ತಿದ್ದಳು. ನಗೆ ಮಣೆಯಲ್ಲಿರಲಿಲ್ಲ, ಸುತ್ತ ಕೂತವರ ಬಾಯಲ್ಲಿತ್ತು.

ಕಂಪ್ಯೂಟರ್ ಬಂದ ಮೇಲೆ ಆದದ್ದೇ ಇದು. ಆಡುವವರು ಒಬ್ಬರೇ ಆದರು. ಸುತ್ತ ಕೂತು ಅಣಕಿಸುವವರಿಲ್ಲ, ಸಮಾಧಾನ ಹೇಳುವವರಿಲ್ಲ. ಹಾಗಾಗಿ ನಗೆಯನ್ನೂ ಯಂತ್ರದೊಳಗೆ ಮೊದಲೇ ಬರೆದಿಡಬೇಕಾಯಿತು. ಅಮೆರಿಕದ ವಿಲ್ ಕ್ರೌದರ್ ಎಂಬ ಗುಹೆ ಸುತ್ತುವ ಹವ್ಯಾಸದ ಎಂಜಿನಿಯರ್, ವಿಚ್ಛೇದನವಾದ ಮೇಲೆ ತನ್ನ ಹೆಣ್ಣುಮಕ್ಕಳಿಗೆ ಖುಷಿಯಾಗಲೆಂದು ಒಂದು ಆಟ ಬರೆದ. ಚಿತ್ರವಿಲ್ಲ, ಬರೀ ಮಾತು. ನೀವು ಬರೆದಂತೆ ಅದು ಉತ್ತರಿಸುತ್ತದೆ. 1977ರಲ್ಲಿ ಡಾನ್ ವುಡ್ಸ್ ಎಂಬ ವಿದ್ಯಾರ್ಥಿ ಅದನ್ನು ಬೆಳೆಸಿದ. ಅದರಲ್ಲೊಂದು ಡ್ರ್ಯಾಗನ್ ಅಡ್ಡ ಮಲಗಿರುತ್ತದೆ. ಕೊಲ್ಲು ಎಂದು ಬರೆದರೆ, ಏನು, ಬರಿಗೈಯಲ್ಲೇ ಕೊಲ್ಲುತ್ತೀಯಾ ಎಂದು ಯಂತ್ರ ಅಣಕಿಸುತ್ತದೆ. ಎಲ್ಲರೂ ಅದನ್ನು ಬರೀ ಅಣಕವೆಂದು ತಿಳಿದು ಬೇರೆ ದಾರಿ ಹುಡುಕುತ್ತಾರೆ. ಹೌದು ಎಂದು ಬರೆದವರಿಗೆ ಡ್ರ್ಯಾಗನ್ ನಿಜಕ್ಕೂ ಸತ್ತು ಬೀಳುತ್ತದೆ! ಅಣಕಕ್ಕೆ ಎದುರು ನಿಂತವರಿಗೆ ಗೆಲುವು. ಇದನ್ನು ಓದಿದ ದಿನ ನಾನು ಅಡಿಗೆಮನೆಯಲ್ಲಿ ಒಬ್ಬಳೇ ನಕ್ಕೆ.

1985ರ ಮಾರಿಯೋ ಆಟ ನಿಮ್ಮ ಮಕ್ಕಳು ಆಡಿರಬಹುದು. ಬೆಂಕಿ, ಗುಂಡಿ ಎಲ್ಲ ದಾಟಿ ರಾಜಕುಮಾರಿಯನ್ನು ಬಿಡಿಸಲು ಕೋಟೆಯ ಕೊನೆ ಮುಟ್ಟಿದರೆ ಅಲ್ಲಿ ಅವಳಿರುವುದಿಲ್ಲ. ಅಣಬೆ ತಲೆಯ ಒಬ್ಬ ಸೇವಕ ನಿಂತು, ನಮ್ಮ ರಾಜಕುಮಾರಿ ಬೇರೆ ಕೋಟೆಯಲ್ಲಿದ್ದಾಳೆ ಎನ್ನುತ್ತಾನೆ. ಹೀಗೆ ಏಳು ಸಲ. ಸರ್ಕಾರಿ ಕಛೇರಿಗೆ ಅಲೆದವರಿಗೆ ಈ ನಗೆ ಚೆನ್ನಾಗಿ ಅರ್ಥವಾಗುತ್ತದೆ.

ಆ ಕಾಲದ ಕಥೆಯಾಟಗಳಲ್ಲಿ ಹೆಜ್ಜೆ ಹೆಜ್ಜೆಗೂ ಆಡುವವನನ್ನು ಸಾಯಿಸಿ, ಸತ್ತ ರೀತಿಯ ಮೇಲೊಂದು ನಗೆಮಾತು ಹೇಳುವ ರೂಢಿಯಿತ್ತು. ರಾನ್ ಗಿಲ್ಬರ್ಟ್ ಎಂಬ ಅಮೆರಿಕನ್ನನಿಗೆ ಇದು ಹಿಡಿಸಲಿಲ್ಲ. ತಪ್ಪಿದವನನ್ನು ಹೀಗೆ ದಂಡಿಸಬಾರದೆಂದು 1989ರಲ್ಲೇ ಬರೆದ. ಮರುವರ್ಷ ಟಿಮ್ ಶೇಫರ್, ಡೇವ್ ಗ್ರಾಸ್‌ಮನ್ ಎಂಬ ಗೆಳೆಯರೊಂದಿಗೆ ‘ಮಂಕಿ ಐಲೆಂಡ್’ ಎಂಬ ಕಡಲುಗಳ್ಳರ ಆಟ ಮಾಡಿದ. ಅದರ ಕತ್ತಿಕಾಳಗವೇ ನನಗೆ ಈ ಲೇಖನ ಬರೆಸಿದ್ದು ಎನ್ನಬಹುದು. ಹಳೆಯ ಇಂಗ್ಲಿಷ್ ಸಿನಿಮಾಗಳಲ್ಲಿ ಕತ್ತಿ ಬೀಸುತ್ತಲೇ ನಾಯಕರು ಚುಚ್ಚುಮಾತು ಆಡುತ್ತಾರಲ್ಲ, ಇವರು ಕತ್ತಿಯನ್ನು ಪಕ್ಕಕ್ಕಿಟ್ಟು ಮಾತನ್ನೇ ಕಾಳಗ ಮಾಡಿದರು. ಎದುರಾಳಿ ಒಂದು ಬೈಗುಳ ಎಸೆಯುತ್ತಾನೆ, ಅದಕ್ಕೆ ತಕ್ಕ ಜಾಣ ಉತ್ತರ ಕೊಟ್ಟರೆ ನೀವು ಮುಂದೆ, ತೊದಲಿದರೆ ಹಿಂದೆ. ಮೊದಲಿಗೆ ನಿಮಗೆ ಹೆಚ್ಚೇನೂ ಗೊತ್ತಿರುವುದಿಲ್ಲ. ಸೋಲಬೇಕು. ಸೋಲುವಾಗ ಬಿದ್ದ ಬೈಗುಳವೂ ಕೇಳಿದ ಉತ್ತರವೂ ನಿಮ್ಮ ಗಂಟು ಸೇರುತ್ತವೆ. ಹಾಗೆ ಸೋತು ಸೋತು ಗಂಟು ತುಂಬಿಸಿಕೊಂಡು ಕೊನೆಗೆ ಎದುರಿಸಬೇಕಾದ ಕತ್ತಿವಿದ್ಯೆಯ ಗುರು ಒಬ್ಬ ಹೆಂಗಸು. ಅವಳ ಬೈಗುಳಗಳೇ ಬೇರೆ. ಹಳೆಯ ಉತ್ತರವನ್ನೇ ಹೊಸ ಬೈಗುಳಕ್ಕೆ ಹೊಂದಿಸುವ ಬುದ್ಧಿ ಬೇಕು.

ಮಗ ಇದನ್ನು ವಿವರಿಸಿದಾಗ ನಾನು ಕೇಳಿದೆ: “ಇದು ಬೀಗರ ಹಾಡಲ್ಲೇನೋ?” ಮದುವೆಮನೆಯಲ್ಲಿ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಎದುರುಬದುರು ಕೂತು ಬೀಗಿತ್ತಿಯ ಮೂಗು, ನಡಿಗೆ, ತಂದ ಸೀರೆಯ ಅಗ್ಗ, ಬಡಿಸಿದ ಹೋಳಿಗೆಯ ಗಟ್ಟಿತನ ಎಲ್ಲವನ್ನೂ ಹಾಡಿನಲ್ಲಿ ಹಳಿಯುವುದನ್ನು ನೀವೂ ಕೇಳಿರಬಹುದು. ನಮ್ಮ ದೊಡ್ಡಮ್ಮ ಇದರಲ್ಲಿ ಪಳಗಿದವಳು. ಓದುಬರಹ ಬಾರದು. ಸೋತು ಬಂದ ಮದುವೆಯ ಹಾಡನ್ನು ಮನೆಯಲ್ಲಿ ರೊಟ್ಟಿ ಬಡಿಯುತ್ತ ನೆನಪು ಮಾಡಿಕೊಂಡು, ಮುಂದಿನ ಮದುವೆಗೆ ಅದಕ್ಕೆ ಉತ್ತರ ಕಟ್ಟಿಕೊಂಡೇ ಹೋಗುತ್ತಿದ್ದಳು. ಅಲ್ಲಿ ಒಂದೇ ಕಟ್ಟುಪಾಡು. ಅಂದವರು ಅನ್ನಿಸಿಕೊಳ್ಳಲೂ ಕೂತಿರಬೇಕು, ನಡುವೆ ಎದ್ದು ಹೋಗುವಂತಿಲ್ಲ.

ಈಗ ನನ್ನ ಒಂದು ತಪ್ಪನ್ನು ಹೇಳಬೇಕು. ನಾಯಿ ನಕ್ಕ ಅದೇ ವರ್ಷ, ಅದಕ್ಕೆ ಎರಡು ತಿಂಗಳು ಮೊದಲು ನಡೆದದ್ದು. ಎಂಟನೆಯ ತರಗತಿ, ಅಶೋಕನ ಪಾಠ. ಹಿಂದಿನ ಸಾಲಿನ ಹುಡುಗಿಯೊಬ್ಬಳನ್ನು ಎಬ್ಬಿಸಿ ಓದಿಸುತ್ತಿದ್ದೆ. ಮನೆಮಾತು ತೆಲುಗು, ಓದು ತಡವರಿಕೆ. ಅಶೋಕನು ರಸ್ತೆಯ ಇಕ್ಕೆಲಗಳಲ್ಲಿ ಮರಗಳನ್ನು ನೆಡಿಸಿದನು ಎಂಬುದನ್ನು “ನಡೆಸಿದನು” ಎಂದು ಓದಿದಳು.

“ಮರಗಳು ನಡಕೊಂಡು ಎಲ್ಲಿಗೆ ಹೋದವಮ್ಮಾ, ಸಂತೆಗೋ ಜಾತ್ರೆಗೋ?” ಎಂದೆ.

ತರಗತಿ ಗೊಳ್ಳೆಂದಿತು. ನನಗೂ ನನ್ನ ಮಾತು ಚೆನ್ನಾಗಿತ್ತೆನಿಸಿತು. ಸ್ಟಾಫ್ ರೂಮಿನಲ್ಲಿ ಅದನ್ನು ಮತ್ತೊಮ್ಮೆ ಹೇಳಿ ನಗಿಸಿದೆ. ಮರುದಿನದಿಂದ ಹುಡುಗರು ಅವಳನ್ನು “ನಡಿಯೋ ಮರ” ಎಂದು ಕರೆಯತೊಡಗಿದರು. ಅವಳು ಗಟ್ಟಿಯಾಗಿ ಓದುವುದನ್ನು ಬಿಟ್ಟಳು. ಎಬ್ಬಿಸಿದರೆ ಪುಸ್ತಕ ಹಿಡಿದು ಸುಮ್ಮನೆ ನಿಲ್ಲುವಳು. ಮೊಂಡುತನವೆಂದುಕೊಂಡು ಒಂದೆರಡು ಸಲ ಗದರಿದ್ದೂ ಉಂಟು.

ದಸರಾ ರಜೆಯಲ್ಲಿ ಮಗ ಅತ್ತ ರಾತ್ರಿ, ಕೊಳಗಲ್ಲನ್ನೂ ಕಿಳ್ಳೇಕ್ಯಾತನನ್ನೂ ನೆನೆಸಿಕೊಂಡು ಮಲಗಿದವಳಿಗೆ ನಿದ್ದೆ ಬರಲಿಲ್ಲ. ಕಿಳ್ಳೇಕ್ಯಾತನಿಗೆ ಊರವರು ತಿರುಗಿ ಅನ್ನುತ್ತಿದ್ದರು. ನನಗೆ ತಿರುಗಿ ಅನ್ನುವ ಧೈರ್ಯ ಎಂಟನೆಯ ತರಗತಿಯ ಹುಡುಗಿಗೆ ಎಲ್ಲಿಂದ ಬರಬೇಕು? ನಾನು ಹುಲ್ಲಿನ ಹಿಂದೆ ನಿಂತಿದ್ದೆ, ಗುಂಡು ತಗಲದ ಜಾಗದಲ್ಲಿ.

ರಜೆ ಮುಗಿದ ಮೇಲೆ ತರಗತಿಯಲ್ಲಿ, ಬಿ.ಎಡ್. ಓದುವಾಗ ಪಾಠದ ಪರೀಕ್ಷೆಯಲ್ಲಿ ನಾನು ಬೋರ್ಡಿನ ಮೇಲೆ ‘ಭಾರತ’ಕ್ಕೆ ಬದಲು ‘ಭರತ’ ಎಂದು ಬರೆದು, ಪಾಠ ಮುಗಿಯುವವರೆಗೂ ಗಮನಿಸದೆ, ಭರತನಿಗೆ ಮೂರು ಕಡೆ ಸಮುದ್ರವಿದೆ ಎಂದು ಬೋಧಿಸಿದ್ದನ್ನು ಹೇಳಿದೆ. ಎಲ್ಲ ನಕ್ಕರು. ಅವಳು ನಗಲಿಲ್ಲ. ಕ್ಷಮಿಸು ಎಂದು ಎಲ್ಲರೆದುರು ಹೇಳಿದರೆ ಮತ್ತೆ ಅದೇ ಮಾತು ಎದ್ದು ಕೂರುತ್ತದೆಂದು ಹೆದರಿದೆ. ಒಬ್ಬಳನ್ನೇ ಕರೆದು ಹೇಳಿದಾಗ “ಹೂಂ ಟೀಚರ್” ಎಂದು ಹೋದಳು.

ಕಾರ್ತಿಕದಲ್ಲಿ ಒಂದು ದಿನ ಅಕಾಲದ ಮಳೆ. ಕೊನೆಯ ಪೀರಿಯಡ್ಡು, ಮೈದಾನಕ್ಕೆ ಬಿಡುವ ಹಾಗಿಲ್ಲ. ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಚೌಕಾಬಾರದ ಮನೆ ಬರೆದೆ. ಕವಡೆಗೆ ಬದಲು ಸೀಳಿದ ಹುಣಸೆಬೀಜ. ನಾನೂ ಕೂತೆ. ಆ ಹುಡುಗಿ ನನ್ನ ಎದುರಿಗೆ ಬಂದಳು. ಬರೀ ಒಂದು, ಎರಡು ಬಿದ್ದು ನನ್ನ ಕಾಯಿ ಮನೆ ಬಿಟ್ಟು ಏಳಲೊಲ್ಲದು. ಅವಳಿಗೆ ಚೌಕಾ ಮೇಲೆ ಚೌಕಾ. ನನ್ನ ಎರಡು ಕಾಯಿ ಕಡಿದು, ಬೀಜ ನನ್ನ ಕೈಗೆ ಹಾಕುತ್ತ, ತಲೆ ಎತ್ತದೆ ಅಂದಳು:

“ನಿಮ್ಮ ಕಾಯಿ ನಡೀವಲ್ಲದು ಟೀಚರ್. ನೆಟ್ಟು ಬಿಟ್ಟೀರೇನು?”

ತರಗತಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಎದ್ದ ನಗುವಿಗೆ ಪಕ್ಕದ ತರಗತಿಯ ಮೇಷ್ಟ್ರು ಬಾಗಿಲಿಗೆ ಬಂದರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕೆ. ಅವಳು ಗಟ್ಟಿಯಾಗಿ ಓದಿದಳೆ ಎಂದು ಕೇಳಿದರೆ, ಆ ವರ್ಷ ಇಲ್ಲ. ಒಂಬತ್ತರಲ್ಲಿ ಓದಿದಳು, ತಡವರಿಸುತ್ತಲೇ.

ಮಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಳೆದ ದೀಪಾವಳಿಗೆ ಬಂದಾಗ ತನ್ನ ಕಂಪ್ಯೂಟರಿನಲ್ಲಿ ಹೊಸದೊಂದು ಆಟ ತೋರಿಸಿದ. ಆಸ್ಟ್ರೇಲಿಯಾದ ಮೆಲ್ಬೋರ್ನಿನ ಒಂದು ಸಣ್ಣ ತಂಡ 2019ರಲ್ಲಿ ಮಾಡಿದ್ದು. ಅದರಲ್ಲಿ ನೀವೇ ಒಂದು ಹೆಬ್ಬಾತು. ಊರಿಗೆ ನುಗ್ಗಿ ತೋಟದವನ ಬೀಗದ ಕೈ ಕದಿಯುವುದು, ಅವನನ್ನು ನೀರಿನಲ್ಲಿ ತೋಯಿಸುವುದು, ಕೂಗಿ ಬೆಚ್ಚಿಬೀಳಿಸುವುದು, ಇವೇ ಕೆಲಸ. ಯಾರೂ ಸಾಯುವುದಿಲ್ಲ. ಇಬ್ಬರು ಸೇರಿ ಎರಡು ಬಾತುಗಳಾಗಿಯೂ ಆಡಬಹುದು. ನಾನೂ ಮಗನೂ ಆಡಿದೆವು. ಮೂವತ್ತೈದು ವರ್ಷಗಳ ಹಿಂದೆ ಗುಂಡಿಗೆ ಗುರಿಯಾಗಿದ್ದ ಬಾತು ಊರನ್ನೇ ಆಡಿಸಲು ಬಂದಿತ್ತು. ಕೊಳಗಲ್ಲಿನಿಂದ ಬಂದಿದ್ದ ನಮ್ಮವ್ವ ಹಿಂದೆ ಕೂತು ನೋಡಿ, “ಯಾರ ಮನೀದದು? ಕಾಳು ಹಾಕಿದ್ರ ಯಾಕ ಹಿಂಗ ಮಾಡ್ತಿತ್ತು” ಎಂದಳು.

ಆ ಮಾತಿಗೆ ಮಗನಿಗೆ ಹಳೆಯ ಪೆಟ್ಟಿಗೆ ನೆನಪಾಯಿತು. ಅಟ್ಟ ಹತ್ತಿ ತಂದ. ದೂಳು ಒರೆಸಿ, ಹೊಸ ಚಪ್ಪಟೆ ಟಿ.ವಿ.ಗೆ ಸಿಕ್ಕಿಸಿದ. ಹುಲ್ಲು, ಮರ, ನಾಯಿ ಎಲ್ಲ ಬಂದವು. ಬಂದೂಕು ಮಾತ್ರ ಕೆಲಸ ಮಾಡಲಿಲ್ಲ. ಹಳೆಯ ಡಬ್ಬಿ ಟಿ.ವಿ.ಯ ಬೆಳಕಿಗೆಂದು ಮಾಡಿದ ಕಣ್ಣು ಅದು, ಈ ತೆರೆಯ ಬೆಳಕು ಅದಕ್ಕೆ ಕಾಣುವುದಿಲ್ಲವಂತೆ. ಮಗ ಹೊಡೆದ, ತಪ್ಪಿತು. ನಾನು ಹೊಡೆದೆ. ಯಜಮಾನರು ಕನ್ನಡಕ ಸರಿಮಾಡಿಕೊಂಡು ತೆರೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಹೊಡೆದರು. ಪ್ರತಿ ಸಲವೂ ನಾಯಿ ಎದ್ದು ನಕ್ಕಿತು.

ನಮ್ಮವ್ವ ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿಕೊಂಡು ಟಿ.ವಿ.ಯ ಕಡೆ ಕೈಮಾಡಿದಳು. “ಯಾಕಲೇ ಹಲ್ಲು ಕಿಸೀತೀ? ಅವರಿಗೆ ಗುರಿ ಬರಲ್ಲ, ಬಿಡು. ನೀನು ನಾಯಿ ಅಲ್ಲೇನು, ಓಡಿಹೋಗಿ ಹಿಡಕೊಂಡು ಬಾ ನೋಡಾನಾ!”

ಮಗ ಬಂದೂಕನ್ನು ಅಜ್ಜಿಯ ಕೈಗೆ ಕೊಟ್ಟ.